ಹೊಸದಾಗಿ ಸ್ಟೀರಿಂಗ್ ಹಿಡಿದವರಿಗೆ ಹಳೆಯ ಡೀಸೆಲ್ ಸ್ವಿಫ್ಟ್: ಹದಿನಾಲ್ಕು ತಿಂಗಳ ಅನುಭವ

ತೀರ್ಥಹಳ್ಳಿಯ ನಮ್ಮ ಮನೆಯಿಂದ ಶಿವಮೊಗ್ಗದಲ್ಲಿ ನಾನು ಪಾಠ ಮಾಡುವ ಕಾಲೇಜಿಗೆ ಸುಮಾರು 60 ಕಿಲೋಮೀಟರ್ ದೂರ. ಹನ್ನೊಂದು ವರ್ಷ ಈ ದಾರಿಯನ್ನು ಬಸ್ಸಿನಲ್ಲೇ ಸವೆಸಿದ್ದೆ. ಅತ್ತೆಯವರ ಆರೋಗ್ಯ ಕೆಟ್ಟು, ಸಂಜೆ ಇಂತಿಷ್ಟು ಹೊತ್ತಿಗೆ ಮನೆ ಸೇರಲೇಬೇಕೆಂಬ ಅನಿವಾರ್ಯ ಬಂದಾಗ ನಲವತ್ತೆರಡನೆಯ ವಯಸ್ಸಿನಲ್ಲಿ ಡ್ರೈವಿಂಗ್ ಶಾಲೆ ಸೇರಿ ಲೈಸೆನ್ಸ್ ಪಡೆದೆ. ಕೈಯಲ್ಲಿದ್ದ ಹಣ ಮೂರೂವರೆ ಲಕ್ಷದ ಆಸುಪಾಸು. ಆ ಹಣದಲ್ಲಿ ಕೊಂಡ 2014ರ ಮಾರುತಿ ಸ್ವಿಫ್ಟ್ ಡೀಸೆಲ್ ಕಾರನ್ನು, ಅದರ ಎಲ್ಲಕ್ಕಿಂತ ಮೇಲಿನ ಝಡ್‌ಡಿಐ ಮಾದರಿಯನ್ನು, ಈಗ ಹದಿನಾಲ್ಕು ತಿಂಗಳಿನಿಂದ ಓಡಿಸುತ್ತಿದ್ದೇನೆ. ಮೀಟರಿನಲ್ಲಿ ನನ್ನ ಲೆಕ್ಕಕ್ಕೆ ಸೇರಿದ್ದು 31 ಸಾವಿರ ಕಿಲೋಮೀಟರ್. ಕಾರು ಹೇಗಿದೆ ಎಂಬುದರ ಜೊತೆಗೆ, ಹೊಸದಾಗಿ ಓಡಿಸಲು ಕಲಿತವರು ಹಳೆಯ ಡೀಸೆಲ್ ಕಾರನ್ನು ಯಾವ ಲೆಕ್ಕದ ಮೇಲೆ ಆರಿಸಿಕೊಳ್ಳಬೇಕು ಎಂಬುದನ್ನೂ ವಿವರವಾಗಿ ಹೇಳುವುದು ಈ ಬರಹದ ಉದ್ದೇಶ.

ಡೀಸೆಲ್ ಬೇಕೇ ಬೇಡವೇ ಎಂಬುದನ್ನು ನಿರ್ಧರಿಸಬೇಕಾದದ್ದು ಕಾರಿನ ಚೆಂದವಾಗಲಿ, ನೆಂಟರ ಸಲಹೆಯಾಗಲಿ ಅಲ್ಲ, ನಿಮ್ಮ ದಿನದ ಓಟ. ನಾನು ಲೆಕ್ಕ ಹಾಕಲು ಕೂತಾಗ ನಮ್ಮಲ್ಲಿ ಡೀಸೆಲ್ ಲೀಟರಿಗೆ ಸುಮಾರು 91 ರೂಪಾಯಿ, ಪೆಟ್ರೋಲ್ ಸುಮಾರು 103 ರೂಪಾಯಿ ಇತ್ತು. ದಿನಕ್ಕೆ 120 ಕಿಲೋಮೀಟರಿನಂತೆ ತಿಂಗಳಿಗೆ 22 ದಿನ ಓಡಿದರೆ 2,640 ಕಿಲೋಮೀಟರ್. ಲೀಟರಿಗೆ 20 ಕೊಡುವ ಡೀಸೆಲ್ ಕಾರಿಗೆ ಇದಕ್ಕೆ ಸುಮಾರು 12 ಸಾವಿರ ರೂಪಾಯಿ ಬೀಳುತ್ತದೆ. ಲೀಟರಿಗೆ 16 ಕೊಡುವ ಅದೇ ಗಾತ್ರದ ಹಳೆಯ ಪೆಟ್ರೋಲ್ ಕಾರಿಗೆ 17 ಸಾವಿರ. ತಿಂಗಳಿಗೆ ಐದು ಸಾವಿರದ ವ್ಯತ್ಯಾಸವೆಂದರೆ ನನ್ನಂಥ ಸಂಬಳದಾರರಿಗೆ ಸಣ್ಣ ಮೊತ್ತವಲ್ಲ. ಆದರೆ ದಿನಕ್ಕೆ ಹತ್ತು ಕಿಲೋಮೀಟರ್ ಓಡಿಸುವವರಿಗೆ ಇದೇ ಲೆಕ್ಕ ತಿಂಗಳಿಗೆ ನಾನೂರು ಚಿಲ್ಲರೆ ರೂಪಾಯಿ ಮಾತ್ರ ಉಳಿಸುತ್ತದೆ. ಹಳೆಯ ಡೀಸೆಲ್ ಎಂಜಿನ್‌ನಲ್ಲಿ ಇಂಧನ ಸಿಂಪಡಿಸುವ ಒಂದು ಇಂಜೆಕ್ಟರ್ ಕೈಕೊಟ್ಟರೆ ಅಂಥ ಎಷ್ಟೋ ತಿಂಗಳ ಉಳಿತಾಯ ಒಂದೇ ದಿನದಲ್ಲಿ ಹೋಗಿಬಿಡುತ್ತದೆ.

ಒಂದು ಕಾಲದಲ್ಲಿ ಸರ್ಕಾರದ ನಿಯಂತ್ರಣದಿಂದಾಗಿ ಡೀಸೆಲ್ ಬೆಲೆ ಪೆಟ್ರೋಲಿಗಿಂತ ಬಹಳ ಕೆಳಗಿತ್ತು. 2010ರ ಜೂನ್‌ನಲ್ಲಿ ಪೆಟ್ರೋಲ್ ಮಾತ್ರ ನಿಯಂತ್ರಣದಿಂದ ಹೊರಬಂದ ಮೇಲಿನ ಎರಡು ವರ್ಷಗಳಲ್ಲಿ ಈ ಅಂತರ ಇನ್ನೂ ಹಿಗ್ಗಿತು. 2013ರಿಂದ ಡೀಸೆಲ್ ಬೆಲೆಯನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಿ, 2014ರ ಅಕ್ಟೋಬರ್‌ನಲ್ಲಿ ಅದನ್ನೂ ಮಾರುಕಟ್ಟೆಗೆ ಬಿಟ್ಟದ್ದರಿಂದ ಅಂತರ ಕ್ರಮೇಣ ಕುಗ್ಗಿತು. ಹಿಂದೆ ಊರಿಗೆ ಊರೇ ಡೀಸೆಲ್ ಕಾರು ಕೊಂಡದ್ದಕ್ಕೂ, ಇಂದು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ 2011ರಿಂದ 2015ರವರೆಗಿನ ಡೀಸೆಲ್ ಕಾರುಗಳೇ ಕಣ್ಣಿಗೆ ಬೀಳುವುದಕ್ಕೂ ಇದು ಮುಖ್ಯ ಕಾರಣ. ಡೀಸೆಲ್ ಎಂದರೆ ಅಗ್ಗ ಎಂಬ ಆ ಕಾಲದ ಮಾತನ್ನು ಇಂದಿಗೂ ಹಾಗೆಯೇ ನಂಬಿ ಕಾರು ಕೊಳ್ಳಬಾರದು.

ಸಣ್ಣ ಓಟದವರಿಗೆ ಡೀಸೆಲ್ ಬೇಡವೆನ್ನಲು ಇನ್ನೊಂದು ಕಾರಣವಿದೆ. ಡೀಸೆಲ್ ಎಂಜಿನ್ ಚೆನ್ನಾಗಿ ಬಿಸಿಯಾಗಲು ಸಮಯ ಬೇಕು. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಎಂದು ಬಿಸಿಯಾಗುವ ಮೊದಲೇ ನಿಲ್ಲಿಸುತ್ತಿದ್ದರೆ, ಹೊಗೆಯ ಒಂದು ಭಾಗವನ್ನು ಮತ್ತೆ ಎಂಜಿನ್‌ಗೆ ಕಳಿಸುವ ಇಜಿಆರ್ ವಾಲ್ವ್‌ನಲ್ಲಿ ಮಸಿ ಕಟ್ಟುತ್ತದೆ. 2020ರ ಏಪ್ರಿಲ್ ನಂತರದ, ಬಿಎಸ್-6 ಎಂಬ ಹೊಗೆ ನಿಯಂತ್ರಣ ನಿಯಮಕ್ಕೆ ಒಳಪಟ್ಟ ಡೀಸೆಲ್ ಕಾರುಗಳಲ್ಲಂತೂ ಹೊಗೆಯ ಮಸಿಯನ್ನು ಹಿಡಿದಿಟ್ಟುಕೊಂಡು ಆಗಾಗ ಸುಡುವ ಫಿಲ್ಟರ್ ಇರುತ್ತದೆ. ಅದು ಸರಿಯಾಗಿ ಸುಡಬೇಕಾದರೆ ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಒಂದೇ ವೇಗದ ಓಟ ಬೇಕೇ ಬೇಕು. ನನ್ನ ದಾರಿ ಮಂಡಗದ್ದೆ, ಸಕ್ರೆಬೈಲು, ಗಾಜನೂರುಗಳ ಮೇಲೆ ಹಾದು ತುಂಗೆಯ ಪಕ್ಕದಲ್ಲೇ ಸಾಗುವ ರಾಷ್ಟ್ರೀಯ ಹೆದ್ದಾರಿ 169. ಸಿಗ್ನಲ್ ಇಲ್ಲ, ಪದೇ ಪದೇ ನಿಂತು ಹೊರಡುವ ಗೋಜಿಲ್ಲ; ಡೀಸೆಲ್ ಎಂಜಿನ್‌ಗೆ ಹೇಳಿ ಮಾಡಿಸಿದಂಥ ದಾರಿ.

ಸ್ವಿಫ್ಟ್‌ನಲ್ಲಿರುವುದು ಫಿಯಟ್ ಕಂಪನಿ ರೂಪಿಸಿದ 1,248 ಸಿಸಿ ಮಲ್ಟಿಜೆಟ್ ಎಂಜಿನ್. ಮಾರುತಿ ಇದನ್ನು ಡಿಡಿಐಎಸ್ ಎಂದು ಕರೆಯಿತು, ಟಾಟಾ ಕ್ವಾಡ್ರಾಜೆಟ್ ಎಂದಿತು. ಸ್ವಿಫ್ಟ್, ಡಿಸೈರ್, ರಿಟ್ಝ್, ಎರ್ಟಿಗಾ, ಇಂಡಿಕಾ ವಿಸ್ಟಾ, ಮಾಂಝಾ, ಝೆಸ್ಟ್, ಪುಂಟೊ, ಲಿನಿಯಾ ಹೀಗೆ ಅನೇಕ ಕಾರುಗಳ ಬಾನೆಟ್ ಕೆಳಗೆ ಇದೇ ಎಂಜಿನ್ ಇದ್ದುದರಿಂದ ಕಾರುಪ್ರಿಯರು ಇದನ್ನು ಭಾರತದ ರಾಷ್ಟ್ರೀಯ ಎಂಜಿನ್ ಎಂದೇ ಕರೆಯುತ್ತಿದ್ದರು. ಹೊಸ ಚಾಲಕರಿಗೆ ಇದು ಬರೀ ಸ್ವಾರಸ್ಯದ ಸಂಗತಿಯಲ್ಲ. ತೀರ್ಥಹಳ್ಳಿಯಂಥ ಊರಿನ ಗ್ಯಾರೇಜಿನಲ್ಲೂ ಇದರ ನಾಡಿ ಬಲ್ಲ ಮೆಕ್ಯಾನಿಕ್ ಸಿಗುತ್ತಾನೆ, ಬಿಡಿಭಾಗಕ್ಕಾಗಿ ಬೆಂಗಳೂರಿಗೆ ಓಡಬೇಕಾಗಿಲ್ಲ ಎಂಬುದೇ ಇದರಿಂದ ನಮಗಾಗುವ ದೊಡ್ಡ ಅನುಕೂಲ. ಬಿಎಸ್-6 ನಿಯಮ ಬಂದಾಗ, 2020ರ ಏಪ್ರಿಲ್‌ನಲ್ಲಿ, ಮಾರುತಿ ಕಂಪನಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಆದ್ದರಿಂದ ಡೀಸೆಲ್ ಸ್ವಿಫ್ಟ್ ಬೇಕೆನ್ನುವವರಿಗೆ ಹಳೆಯದೊಂದೇ ದಾರಿ.

ಝಡ್‌ಡಿಐ ಮಾದರಿಯನ್ನೇ ಹುಡುಕಿದ್ದಕ್ಕೆ ಒಂದೇ ಕಾರಣ: ಅದರಲ್ಲಿ ಮುಂದಿನ ಎರಡೂ ಸೀಟುಗಳಿಗೆ ಏರ್‌ಬ್ಯಾಗ್ ಇದೆ, ಎಬಿಎಸ್ ಇದೆ. ನಮ್ಮ ದೇಶದಲ್ಲಿ ಎಬಿಎಸ್ ಮತ್ತು ಚಾಲಕರ ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2019ರಲ್ಲಿ. ಅದಕ್ಕೂ ಹಿಂದಿನ ಕಾರುಗಳಲ್ಲಿ ಕೆಳಗಿನ ಮಾದರಿಗಳಿಗೆ ಇವು ಇರದಿರುವ ಸಾಧ್ಯತೆಯೇ ಹೆಚ್ಚು. ಮಳೆಗಾಲದ ಮಲೆನಾಡಿನಲ್ಲಿ, ಬ್ರೇಕನ್ನು ಎಷ್ಟು ಒತ್ತಬೇಕೆಂದು ಪಾದಕ್ಕೆ ಇನ್ನೂ ತಿಳಿಯದ ಹೊಸ ಚಾಲಕರಿಗೆ, ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ಎಬಿಎಸ್‌ಗಿಂತ ಅಗತ್ಯವಾದ ಸೌಲಭ್ಯ ಇನ್ನೊಂದಿಲ್ಲ. ಅದೇ ಬೆಲೆಗೆ ಎರಡು ವರ್ಷ ಹೊಸದಾದ, ಕೆಳಗಿನ ಮಾದರಿಯ ಎಲ್‌ಡಿಐ ಕಾರು ಸಿಗುತ್ತಿತ್ತು. ಬೇಡವೆಂದೆ. ಇಂದೂ ನನ್ನ ಅಭಿಪ್ರಾಯ ಬದಲಾಗಿಲ್ಲ.

ಹುಡುಕಾಟಕ್ಕೆ ಎರಡೂವರೆ ತಿಂಗಳು ಹಿಡಿಯಿತು. ಒಂಬತ್ತು ಕಾರು ನೋಡಿದೆ. ಅವುಗಳಲ್ಲಿ ಒಂದರ ಕಥೆಯನ್ನು ಹೇಳಲೇಬೇಕು. ಹಳೆಯ ಕಾರು ಮಾರುವ ಒಂದು ಮಳಿಗೆಯಲ್ಲಿ ಹೊಳೆಹೊಳೆಯುವ ಬಿಳಿಯ ಸ್ವಿಫ್ಟ್ ತೋರಿಸಿದರು. ಮೀಟರ್ 64 ಸಾವಿರ ತೋರಿಸುತ್ತಿತ್ತು. ಸೀಟಿಗೆ ಹೊಸ ಕವರ್, ಡ್ಯಾಶ್‌ಬೋರ್ಡಿಗೆ ಹೊಳಪಿನ ಲೇಪ. ನನಗೆ ಅದು ಒಪ್ಪಿಗೆಯಾಗಿ ಮುಂಗಡದ ಮಾತು ಬಂದಾಗ, ಜೊತೆಗೆ ಬಂದಿದ್ದ ನಮ್ಮೂರಿನ ಮೆಕ್ಯಾನಿಕ್ ಕ್ಲಚ್ ಪೆಡಲ್‌ನ ರಬ್ಬರನ್ನು ಬೆರಳಿನಿಂದ ಸವರಿ ನೋಡಿ, "ಮೇಡಂ, ಇದು ಅರವತ್ತು ಸಾವಿರ ತುಳಿದ ಪೆಡಲ್ ಅಲ್ಲ, ಸ್ವಲ್ಪ ತಡೀರಿ" ಎಂದರು. ಗೆರೆಗಳಿರಬೇಕಾದ ರಬ್ಬರ್ ಬೆಣಚುಕಲ್ಲಿನಂತೆ ನುಣ್ಣಗಾಗಿತ್ತು. ಕಾರಿನ ನಂಬರ್ ಕೊಟ್ಟು ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ವಿಚಾರಿಸಿದಾಗ, ಮೂರು ವರ್ಷಗಳ ಹಿಂದೆಯೇ ಅದು 1 ಲಕ್ಷ 30 ಸಾವಿರ ದಾಟಿದ್ದಾಗ ಸರ್ವೀಸಿಗೆ ಬಂದಿದ್ದು ದಾಖಲೆಯಲ್ಲಿತ್ತು. ಮೀಟರ್ ತಿರುಗಿಸಿದ್ದರು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ಹೀಗೆ ಮೋಸ ಹೋಗುವವರಲ್ಲಿ ಹೆಚ್ಚಿನವರು ನನ್ನ ಹಾಗೆ ಮೊದಲ ಕಾರು ಕೊಳ್ಳುವವರೇ ಆಗಿರುತ್ತಾರೆ.

ಓಟ ಹೆಚ್ಚಾಗಿರುವುದು ತಾನಾಗಿ ದೋಷವಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸಿಕೊಂಡು, ಹೆದ್ದಾರಿಯಲ್ಲೇ 1 ಲಕ್ಷ 20 ಸಾವಿರ ಓಡಿದ ಡೀಸೆಲ್ ಕಾರು, ಊರೊಳಗೆ ಐವತ್ತು ಸಾವಿರ ಓಡಿ ಎರಡೆರಡು ವರ್ಷ ಆಯಿಲ್ ಕಾಣದೆ ನಿಂತಿದ್ದ ಕಾರಿಗಿಂತ ಎಷ್ಟೋ ಮೇಲು. ಈ ಎಂಜಿನ್‌ನಲ್ಲಿ, ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಟೈಮಿಂಗ್ ಬೆಲ್ಟ್ ಬದಲು ಚೈನ್ ಇದೆ. ಇಷ್ಟು ಕಿಲೋಮೀಟರಿಗೆ ಬದಲಿಸಲೇಬೇಕೆಂಬ ಬೆಲ್ಟಿನ ಖರ್ಚು ಇಲ್ಲ. ಆದರೆ ಆ ಚೈನಿನ ಆಯುಸ್ಸು ಆಯಿಲನ್ನೇ ನೆಚ್ಚಿಕೊಂಡಿದೆ. ಆಯಿಲ್ ಬದಲಿಸದೆ ಓಡಿಸಿದ ಗಾಡಿಯಲ್ಲಿ ಚೈನ್ ಸಡಿಲಗೊಂಡು, ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಗಲಗಲ ಸದ್ದು ಮಾಡುತ್ತದೆ. ಹಾಗಾಗಿ ಮಾರುವವರಲ್ಲಿ ಮೊದಲು ಕೇಳಬೇಕಾದದ್ದು ಸರ್ವೀಸ್ ಪುಸ್ತಕವನ್ನು. ಬೆಲೆಯ ಮಾತು ಆಮೇಲೆ.

ಕೊನೆಗೆ ನಾನು ಕೊಂಡ ಕಾರು ತೀರ್ಥಹಳ್ಳಿಯಿಂದ ಎಂಟು ಕಿಲೋಮೀಟರ್ ಆಚೆಯ ಅಡಿಕೆ ಬೆಳೆಗಾರರೊಬ್ಬರದು. ಒಬ್ಬರೇ ಮಾಲೀಕರು, ಕೆಎ-14 ನೋಂದಣಿ, 98 ಸಾವಿರದ ಓಟ, ಸರ್ವೀಸ್ ಬಿಲ್ಲುಗಳೆಲ್ಲ ಒಂದು ದಾರದಲ್ಲಿ ಪೋಣಿಸಿಟ್ಟಿದ್ದವು. ಮೆಕ್ಯಾನಿಕ್ ಮುಂಚೆಯೇ ಅವರಿಗೆ ಫೋನ್ ಮಾಡಿ, "ರಾಯರೇ, ನಾವು ಬರೋವರೆಗೆ ಗಾಡಿ ಸ್ಟಾರ್ಟ್ ಮಾಡ್ಬೇಡಿ" ಎಂದು ಕೇಳಿಕೊಂಡಿದ್ದರು. ಬೆಳಿಗ್ಗೆ ಆರೂವರೆಗೆ ಅಂಗಳಕ್ಕೆ ಹೋದವರೇ ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟು ತಣ್ಣಗಿದೆಯೇ ಎಂದು ನೋಡಿದರು. ಬಿಸಿ ಎಂಜಿನ್ ತನ್ನ ಕಾಯಿಲೆಗಳನ್ನು ಮುಚ್ಚಿಟ್ಟುಕೊಳ್ಳುತ್ತದೆ ಎಂಬುದು ಅವರ ಮಾತು. ಕೀ ತಿರುಗಿಸಿ, ಮೀಟರ್ ಬೋರ್ಡಿನಲ್ಲಿ ಸುರುಳಿಯಾಕಾರದ ಹಳದಿ ದೀಪ ಆರುವವರೆಗೆ ಕಾದು ಸ್ಟಾರ್ಟ್ ಮಾಡಿದರು. ಎರಡನೆಯ ಸುತ್ತಿಗೇ ಹಿಡಿಯಿತು. ಆಮೇಲೆ ಆಯಿಲ್ ತುಂಬುವ ಮುಚ್ಚಳವನ್ನು ಬಿಚ್ಚಿ, ಅದನ್ನು ತಲೆಕೆಳಗಾಗಿ ಅದೇ ಬಾಯಿಯ ಮೇಲೆ ಸುಮ್ಮನೆ ಇಟ್ಟರು. ಮುಚ್ಚಳ ಸಣ್ಣಗೆ ನಡುಗುತ್ತ ಅಲ್ಲೇ ಕೂತಿತ್ತು. ಪಿಸ್ಟನ್ ರಿಂಗ್ ಸವೆದಿದ್ದರೆ ಒಳಗಿನ ಒತ್ತಡ ಆ ಮುಚ್ಚಳವನ್ನು ಹಾರಿಸಿಬಿಡುತ್ತಿತ್ತು, ದಟ್ಟ ಹೊಗೆ ಉಸಿರಾಡುತ್ತಿತ್ತು ಎಂದು ವಿವರಿಸಿದರು. ಒಂದು ರೂಪಾಯಿಯ ಖರ್ಚಿಲ್ಲದ, ಎರಡು ನಿಮಿಷದ ಈ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಮುಚ್ಚಳ ತೆಗೆಯುವಾಗ ಕೈಗೆ ಬಟ್ಟೆ ಸುತ್ತಿಕೊಂಡಿದ್ದರೆ ಸಾಕು.

ಸೈಲೆನ್ಸರ್ ಹೊಗೆಯ ಬಣ್ಣವನ್ನೂ ಗಮನಿಸಬೇಕು. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಒಂದು ಕ್ಷಣ ಕಪ್ಪು ಹೊಗೆ ಬಂದು ನಿಂತರೆ ಹಳೆಯ ಡೀಸೆಲ್‌ಗೆ ಅದು ಸಹಜ. ಕಪ್ಪು ಹೊಗೆ ನಿಲ್ಲದೆ ಬಂದರೆ ಇಂಜೆಕ್ಟರ್, ಏರ್ ಫಿಲ್ಟರ್ ಅಥವಾ ಇಜಿಆರ್ ಕಡೆ ನೋಡಬೇಕು. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ, ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ನೂಕುವ ಭಾಗ) ಅಥವಾ ರಿಂಗ್ ಹೋಗಿರಬಹುದು. ಅಂಥ ಕಾರನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ಮುಟ್ಟಬಾರದು. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಿದ್ದರೆ ಎಂಜಿನ್ ತಣಿಸುವ ಕೂಲಂಟ್ ದ್ರವ ಒಳಗೆ ಇಳಿಯುತ್ತಿರುವ ಅನುಮಾನ. ಅಪಘಾತವಾದ ಗಾಡಿಯನ್ನು ಬಾನೆಟ್ ಒಳಗಿನ ಬೋಲ್ಟುಗಳ ಬಣ್ಣ ಎದ್ದಿರುವುದರಿಂದ, ಬಾಗಿಲಿನ ರಬ್ಬರ್ ಬೀಡಿಂಗ್ ಬಿಡಿಸಿದರೆ ಕಾಣುವ ವೆಲ್ಡಿಂಗ್ ಚುಕ್ಕೆಗಳು ಸಾಲಾಗಿ ಇಲ್ಲದಿರುವುದರಿಂದ ಗುರುತಿಸಬಹುದು. ನೀರಿನಲ್ಲಿ ಮುಳುಗಿದ ಕಾರನ್ನು ಸೀಟಿನ ಕೆಳಗಿನ ಹಳಿಗಳ ತುಕ್ಕು ಮತ್ತು ಸ್ಟೆಪ್ನಿ ಇಡುವ ಗುಂಡಿಯ ಒಣಗಿದ ಕೆಸರು ಬಯಲು ಮಾಡುತ್ತವೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಓದಿ: 1517 ಎಂದಿದ್ದರೆ 2017ನೆಯ ವರ್ಷದ 15ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಗೆರೆ ಎಷ್ಟೇ ಆಳವಾಗಿದ್ದರೂ ಅಂಥ ಟೈರನ್ನು ಮಳೆಗಾಲದಲ್ಲಿ ನಂಬುವಂತಿಲ್ಲ. ನನ್ನ ಕಾರಿನಲ್ಲಿ ಇದ್ದದ್ದೂ ಅಂಥವೇ ನಾಲ್ಕು.

3 ಲಕ್ಷ 35 ಸಾವಿರಕ್ಕೆ ಮಾತು ಮುಗಿಯಿತು. ಅದರ ಮೇಲೆ ಮೊದಲ ಎರಡು ತಿಂಗಳಲ್ಲಿ ಟೈರಿಗೆ 21 ಸಾವಿರ, ಕ್ಲಚ್ ಸೆಟ್ಟಿಗೆ ಕೂಲಿ ಸೇರಿ 11 ಸಾವಿರ, ಮುಂದಿನ ಚಕ್ರಗಳನ್ನು ಹಿಡಿದಿಡುವ ಎರಡು ಲೋವರ್ ಆರ್ಮ್‌ಗಳಿಗೆ 5,200, ಆಯಿಲ್ ಮತ್ತು ಎಲ್ಲ ಫಿಲ್ಟರುಗಳಿಗೆ 6,800 ಖರ್ಚಾಯಿತು. ಒಟ್ಟು 44 ಸಾವಿರ. ಹನ್ನೊಂದು ವರ್ಷದ ಗಾಡಿಯಲ್ಲಿ ಸವೆಯಬೇಕಾದವೇ ಸವೆದಿದ್ದವು. ಮಾರಿದವರು ಇವನ್ನೆಲ್ಲ ಮೊದಲೇ ತಿಳಿಸಿದ್ದರು. ಆದ್ದರಿಂದ ಕೈಯಲ್ಲಿ ಮೂರೂವರೆ ಲಕ್ಷವಿದೆ ಎಂದು ಮೂರೂವರೆ ಲಕ್ಷದ ಕಾರನ್ನೇ ನೋಡಬೇಡಿ. ಮೂರು ಲಕ್ಷದ್ದನ್ನು ನೋಡಿ, ಉಳಿದದ್ದನ್ನು ಗ್ಯಾರೇಜಿಗೆಂದು ಎತ್ತಿಡಿ. ನನಗೆ ಕೊನೆಯಲ್ಲಿ ತಂಗಿಯಿಂದ ಕೈಗಡ ಪಡೆಯಬೇಕಾಗಿ ಬಂತು.

ಇನ್ನು ಓಡಿಸುವ ಅನುಭವ. ಹೊಸಬರಿಗೆ ಈ ಕಾರು ಸುಲಭವೇ ಎಂದು ಕೇಳಿದರೆ, ಮೊದಲ ಆರು ವಾರ ಅಲ್ಲ, ಆಮೇಲೆ ಹೌದು ಎನ್ನುತ್ತೇನೆ. ಈ ಎಂಜಿನ್‌ನ ಶಕ್ತಿ 75 ಪಿಎಸ್, ಎಳೆಯುವ ಬಲ 190 ಎನ್‌ಎಂ. ಆದರೆ ಆ ಬಲ ಪೂರ್ತಿ ಸಿಗುವುದು 2,000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳ ಲೆಕ್ಕ) ಮುಟ್ಟಿದ ಮೇಲೆ, ಟರ್ಬೊ ಎಚ್ಚರಗೊಂಡ ನಂತರ. ಅದಕ್ಕಿಂತ ಕೆಳಗೆ ಎಂಜಿನ್ ಮಂಕಾಗಿರುತ್ತದೆ. ದಾಟಿದ ಕೂಡಲೇ ಯಾರೋ ಹಿಂದಿನಿಂದ ನೂಕಿದಂತೆ ಮುನ್ನುಗ್ಗುತ್ತದೆ. ಡ್ರೈವಿಂಗ್ ಶಾಲೆಯ ಸಣ್ಣ ಪೆಟ್ರೋಲ್ ಕಾರಿನಲ್ಲಿ ಕಲಿತ ನನ್ನ ಕಾಲಿಗೆ ಈ ಎರಡು ಸ್ವಭಾವಗಳ ನಡುವಿನ ಗೆರೆ ಸಿಗಲು ಬಹಳ ದಿನ ಹಿಡಿಯಿತು. ಕ್ಲಚ್ ಕೂಡ ಪೆಟ್ರೋಲ್ ಕಾರಿನದಕ್ಕಿಂತ ಗಟ್ಟಿ.

ಇದರ ಪಾಠ ಪೂರ್ತಿಯಾಗಿ ಆದದ್ದು ಆಗುಂಬೆ ಘಾಟಿಯಲ್ಲಿ. ಉಡುಪಿಯಿಂದ ಮರಳುತ್ತಿದ್ದೆವು, ಸೋಮೇಶ್ವರ ದಾಟಿ ಹತ್ತುತ್ತಿದ್ದಾಗ ನನ್ನ ಮುಂದೆ ಒಂದು ಮಿನಿ ಬಸ್ಸು. ಹದಿನಾಲ್ಕು ತಿರುವುಗಳ ಆ ಘಾಟಿಯ ನಡುವಿನ ಒಂದು ತಿರುವಿನಲ್ಲಿ ಬಸ್ಸು ನಿಧಾನಿಸಿತು, ನಾನೂ ನಿಧಾನಿಸಿದೆ, ಗೇರು ಎರಡನೆಯದರಲ್ಲೇ ಉಳಿಯಿತು. ಆರ್‌ಪಿಎಂ ಮುಳ್ಳು 1,200ಕ್ಕೆ ಇಳಿದಿತ್ತು. ಬಸ್ಸು ಮುಂದೆ ಹೋದಾಗ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಒಮ್ಮೆ ನಡುಗಿ ಆಫ್ ಆಯಿತು. ಹಿಂದೆ ಎರಡು ಕಾರು, ಬಲಗಡೆ ತಡೆಗೋಡೆ. ಪಕ್ಕದಲ್ಲಿದ್ದ ಪತಿ ಹ್ಯಾಂಡ್‌ಬ್ರೇಕ್ ಎಳೆದು, "ಗಡಿಬಿಡಿ ಬೇಡ, ಫಸ್ಟ್ ಗೇರ್ ಹಾಕು, ಬ್ರೇಕ್ ಬಿಡೋದನ್ನ ನಾನು ನೋಡ್ಕೋತೀನಿ" ಎಂದರು. ಮೊದಲ ಗೇರಿನಲ್ಲಿ ಕ್ಲಚ್ಚನ್ನು ಅರ್ಧ ಬಿಟ್ಟು, ಕಾರಿನ ಮೂತಿ ತುಸು ಮೇಲೇಳುವವರೆಗೆ ಕಾದು ಹೊರಟೆ. ಅಂದಿನಿಂದ ಏರಿನ ತಿರುವಿಗೆ ಮುಂಚೆಯೇ ಗೇರು ಇಳಿಸುತ್ತೇನೆ, ತಿರುವಿನೊಳಗೆ ಹೋದ ಮೇಲಲ್ಲ. ಈ ಎಂಜಿನ್ ಮುಂದಾಗಿ ಯೋಚಿಸುವುದನ್ನು ಕಲಿಸುತ್ತದೆ. ಆದರೆ ಹಾಗೆ ಕಲಿಯುವಾಗ ಜೊತೆಯಲ್ಲಿ ಬಲ್ಲವರೊಬ್ಬರು ಇರಲೇಬೇಕು. ಹೊಸಬರು ಒಬ್ಬರೇ ಘಾಟಿಗೆ ಹೋಗಬಾರದು.

ಹೆದ್ದಾರಿಯಲ್ಲಿ ಮಾತ್ರ ಇದು ಮನಸ್ಸಿಗೆ ನೆಮ್ಮದಿ ಕೊಡುವ ಕಾರು. 70-80ರ ವೇಗದಲ್ಲಿ ಐದನೆಯ ಗೇರಿನಲ್ಲಿ ಗುಂಯ್ ಎನ್ನುತ್ತ ಸಾಗುತ್ತದೆ. ಓವರ್‌ಟೇಕ್ ಮಾಡಬೇಕಾದಾಗ ನಾಲ್ಕನೆಯ ಗೇರಿಗೆ ಇಳಿಸಿದರೆ ಸಾಕು, ಮರದ ಲಾರಿಯನ್ನೂ ಅಂಜಿಕೆಯಿಲ್ಲದೆ ದಾಟಬಹುದು. ಸ್ಟೀರಿಂಗ್ ಮಾತು ಕೇಳುತ್ತದೆ. ಮಂಡಗದ್ದೆಯ ತಿರುವುಗಳಲ್ಲಿ ಕಾರು ವಾಲುವುದು ಕಡಿಮೆ. ಎತ್ತರ ಕಡಿಮೆಯಿರುವ ನನಗೆ ಚಾಲಕರ ಸೀಟನ್ನು ಮೇಲಕ್ಕೆತ್ತಿಕೊಳ್ಳುವ ಸೌಲಭ್ಯ ವರದಾನವಾಗಿದೆ. ಮೈಲೇಜ್ ಟ್ಯಾಂಕಿನಿಂದ ಟ್ಯಾಂಕಿಗೆ ಬರೆದಿಟ್ಟುಕೊಂಡ ಲೆಕ್ಕದಂತೆ 20ರಿಂದ 21. ಎಸಿ ಹಾಕಿಕೊಂಡು ಶಿವಮೊಗ್ಗ ಪೇಟೆಯೊಳಗೆ ಸುತ್ತಿದ ವಾರ 17ಕ್ಕೆ ಇಳಿದದ್ದೂ ಇದೆ. ಟ್ಯಾಂಕಿಗೆ 42 ಲೀಟರ್ ಹಿಡಿಯುತ್ತದೆ, ಆರು ದಿನಕ್ಕೊಮ್ಮೆ ಬಂಕಿಗೆ ಹೋದರಾಯಿತು.

ಕೊರತೆಗಳೂ ಇವೆ. ಹಿಂದಿನ ಗಾಜು ಚಿಕ್ಕದು, ಅದರ ಎರಡೂ ಪಕ್ಕದ ಕಂಬಗಳು ದಪ್ಪ. ರಿವರ್ಸ್ ತೆಗೆಯುವಾಗ ಹಿಂದೆ ಏನಿದೆ ಎಂಬುದು ಹೊಸಬರಿಗೆ ಅಂದಾಜಾಗುವುದಿಲ್ಲ. ನಮ್ಮ ಮನೆಯ ಗೇಟಿನ ಕಂಬಕ್ಕೆ ಎರಡು ಸಲ ತಾಗಿಸಿದ ಮೇಲೆ ನಾಲ್ಕೂವರೆ ಸಾವಿರ ಕೊಟ್ಟು ಹಿಂದಿನ ಕ್ಯಾಮೆರಾ ಹಾಕಿಸಿದೆ. ಕಾರು ತಂದ ದಿನವೇ ಇದನ್ನು ಹಾಕಿಸಬೇಕಿತ್ತು. ಡಿಕ್ಕಿ 204 ಲೀಟರಿನದು, ಎರಡು ಸೂಟ್‌ಕೇಸಿಗೆ ಭರ್ತಿ. ಹಿಂದಿನ ಸೀಟಿನಲ್ಲಿ ಮೂವರು ದೊಡ್ಡವರು ದೂರ ಪ್ರಯಾಣ ಮಾಡುವುದು ಕಷ್ಟ. ಮೊಣಕಾಲು ನೋವಿರುವ ನಮ್ಮ ಅತ್ತೆಯವರು ಹತ್ತಿ ಇಳಿಯಲು ಪ್ರಯಾಸಪಡುತ್ತಾರೆ.

ಆ ಕಾರಣಕ್ಕೇ ಹೇಳುತ್ತೇನೆ, ಅಂದು ಒಳ್ಳೆಯ ಸ್ಥಿತಿಯ ರಿಟ್ಝ್ ಡೀಸೆಲ್ ಸಿಕ್ಕಿದ್ದರೆ ಅದನ್ನೇ ಕೊಳ್ಳುತ್ತಿದ್ದೆ. ಅದೇ ಎಂಜಿನ್, ಎತ್ತರದ ಸೀಟು, ಸುತ್ತ ಅಗಲದ ಗಾಜು. ಹೊಸ ಚಾಲಕರಿಗೂ ವಯಸ್ಸಾದವರಿಗೂ ಸ್ವಿಫ್ಟ್‌ಗಿಂತ ಹೆಚ್ಚು ಅನುಕೂಲ, ಬೆಲೆಯೂ ಕಡಿಮೆ. ಇಂಡಿಕಾ ವಿಸ್ಟಾ ಕ್ವಾಡ್ರಾಜೆಟ್‌ನಲ್ಲೂ ಎಂಜಿನ್ ಅದೇ, ಒಳಗೆ ಜಾಗ ಬಹಳ, ಬೆಲೆ ಇನ್ನೂ ಅಗ್ಗ. ಕೈ ಬಿಗಿ ಇರುವವರು ಅದನ್ನು ಕಡೆಗಣಿಸಬಾರದು. ಟೊಯೊಟಾ ಇಟಿಯೋಸ್ ಲಿವಾದ 1.4 ಲೀಟರ್ ಎಂಜಿನ್‌ನ ಶಕ್ತಿ 68 ಪಿಎಸ್ ಮಾತ್ರ, ಆದರೆ ಕಡಿಮೆ ವೇಗದಲ್ಲೇ ಸರಾಗವಾಗಿ ಎಳೆಯುತ್ತದೆ; ಕಲಿಯುವವರ ಕಾಲಿಗೆ ಅದು ಹೆಚ್ಚು ಹಿತ. ಹಳೆಯ ಫೋರ್ಡ್ ಫಿಗೋ 1.4 ಕೂಡ ಹಾಗೆಯೇ. ಫೋರ್ಡ್ 2021ರಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿದ ಮೇಲೆ ಫಿಗೋ ಬೆಲೆ ಇಳಿದಿದೆ, ಆದರೆ ನಿಮ್ಮ ಊರಿನ ಸಮೀಪ ಅದನ್ನು ಬಲ್ಲ ಗ್ಯಾರೇಜ್ ಇದೆಯೇ ಎಂದು ಮೊದಲು ವಿಚಾರಿಸಿಕೊಳ್ಳಿ. ಷೆವರ್ಲೆ ಬೀಟ್ ಡೀಸೆಲ್ ಎಲ್ಲಕ್ಕಿಂತ ಅಗ್ಗವಾಗಿ ಸಿಗುತ್ತದೆ. 2017ರ ಕೊನೆಗೆ ಆ ಕಂಪನಿ ನಮ್ಮ ದೇಶದಲ್ಲಿ ಮಾರಾಟ ನಿಲ್ಲಿಸಿರುವುದರಿಂದ ಸಣ್ಣ ಊರಿನವರಿಗೆ ಅದನ್ನು ಕೊಳ್ಳಿ ಎಂದು ನಾನು ಹೇಳಲಾರೆ. ಡಿಸೈರ್ ನೋಡುವವರು ಅದು ಹಿಂದೆ ಹಳದಿ ಬೋರ್ಡಿನ ಟ್ಯಾಕ್ಸಿಯಾಗಿತ್ತೇ ಎಂದು ಆರ್‌ಸಿ (ನೋಂದಣಿ ಪತ್ರ) ವಿವರಗಳಲ್ಲಿ ಪರಿಶೀಲಿಸಲೇಬೇಕು.

ಕಾಗದಪತ್ರಗಳ ವಿಷಯದಲ್ಲಿ ಸಂಕೋಚ ಬೇಡ. ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ಕಾರಿನ ನಂಬರ್ ಹಾಕಿದರೆ ನೋಂದಣಿ ದಿನಾಂಕ, ಎಷ್ಟನೆಯ ಮಾಲೀಕರು, ವಿಮೆಯ ಅವಧಿ, ಬ್ಯಾಂಕ್ ಸಾಲದ ನಮೂದು ಎಲ್ಲ ಕಾಣುತ್ತದೆ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ನಮೂದು ಉಳಿದಿದ್ದರೆ, ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಫಾರಂ 35 ಪಡೆದು ಅದನ್ನು ತೆಗೆಸಿದ ನಂತರವೇ ಪೂರ್ತಿ ಹಣ ಕೊಡಿ. ಮಾಲೀಕತ್ವದ ವರ್ಗಾವಣೆಗೆ ಫಾರಂ 29 ಮತ್ತು 30ಕ್ಕೆ ಮಾರುವವರ ಸಹಿ ಬೇಕು. ವಿಮೆಯನ್ನು ನಿಮ್ಮ ಹೆಸರಿಗೆ ಬದಲಿಸಲು 14 ದಿನಗಳೊಳಗೆ ಅರ್ಜಿ ಕೊಡಬೇಕು, ಮತ್ತು ಮಾರಿದವರ ನೋ ಕ್ಲೇಮ್ ಬೋನಸ್ (ವಿಮೆ ಹಣ ಕೇಳದವರಿಗೆ ಸಿಗುವ ರಿಯಾಯಿತಿ) ನಿಮಗೆ ಸೇರುವುದಿಲ್ಲ, ಆ ವ್ಯತ್ಯಾಸದ ಹಣ ಕಟ್ಟಬೇಕಾಗುತ್ತದೆ. ಆರ್‌ಸಿಯ ಅವಧಿ ನೋಂದಣಿಯಿಂದ 15 ವರ್ಷ. ನನ್ನ ಕಾರಿಗೆ ಅದು 2029ರಲ್ಲಿ ಮುಗಿಯುತ್ತದೆ. ಆಗ ಆರ್‌ಟಿಒದಲ್ಲಿ ಗಾಡಿಯನ್ನು ತಪಾಸಣೆಗೆ ಒಯ್ದು, ಶುಲ್ಕ ಮತ್ತು ಹಸಿರು ತೆರಿಗೆ ಕಟ್ಟಿ ಐದು ವರ್ಷಕ್ಕೆ ನವೀಕರಿಸಬಹುದು. ದೆಹಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ವಿರುದ್ಧ 2015ರಲ್ಲಿ ಬಂದ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಆದೇಶದ ಪರಿಣಾಮವಾಗಿ ಅಲ್ಲಿಯ ಕಾರುಗಳು ಅಗ್ಗದ ಬೆಲೆಗೆ ಇತರ ರಾಜ್ಯಗಳಿಗೆ ಬರತೊಡಗಿದವು. ಇಲ್ಲಿಗೆ ತಂದರೆ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಿ ಮರುನೋಂದಣಿ ಮಾಡಿಸಬೇಕು. ಆ ಓಡಾಟ ಮತ್ತು ಖರ್ಚು ಸೇರಿಸಿದರೆ ಮೊದಲ ಕಾರು ಕೊಳ್ಳುವವರಿಗೆ ಅದರಲ್ಲಿ ಲಾಭ ಕಾಣಿಸುವುದಿಲ್ಲ.

ಈಗ ಕಾರು 1 ಲಕ್ಷ 29 ಸಾವಿರದ ಮೇಲೆ ಓಡುತ್ತಿದೆ. ಹತ್ತು ಸಾವಿರಕ್ಕೊಮ್ಮೆ ತಪ್ಪದೆ ಆಯಿಲ್ ಬದಲಿಸುತ್ತೇನೆ. ದೂರದಿಂದ ಬಂದು ನಿಲ್ಲಿಸುವಾಗ ಟರ್ಬೊ ತಣಿಯಲೆಂದು ಅರ್ಧ ನಿಮಿಷ ಎಂಜಿನ್ ಹಾಗೆಯೇ ಬಿಟ್ಟು ಆಮೇಲೆ ಆಫ್ ಮಾಡುತ್ತೇನೆ. ಈವರೆಗೆ ದಾರಿಯಲ್ಲಿ ಕೈಕೊಟ್ಟಿಲ್ಲ.

ನನ್ನ ಕಾರು ನೋಡಿ ಹೊಸನಗರದಲ್ಲಿರುವ ತಂಗಿಯೂ ಲೈಸೆನ್ಸ್ ಮಾಡಿಸಿಕೊಂಡಿದ್ದಾಳೆ. ತನಗೂ ಡೀಸೆಲ್ ಸ್ವಿಫ್ಟ್ ಬೇಕೆಂದಳು. ಅವಳ ಓಟ ಮಗುವಿನ ಶಾಲೆ, ಸೊಸೈಟಿ, ಸಂತೆ ಸೇರಿ ದಿನಕ್ಕೆ ಒಂಬತ್ತು ಕಿಲೋಮೀಟರ್. ಲೆಕ್ಕವನ್ನು ಅವಳೆದುರೇ ಕಾಗದದ ಮೇಲೆ ಬರೆದು ತೋರಿಸಿ, ಡೀಸೆಲ್ ಬೇಡವೆಂದು ಒಪ್ಪಿಸಿದ್ದೇನೆ. ಏರ್‌ಬ್ಯಾಗ್ ಇರುವ ಎರಡು ಪೆಟ್ರೋಲ್ ವ್ಯಾಗನ್ ಆರ್ ಗುರುತು ಮಾಡಿಟ್ಟಿದ್ದೇವೆ. ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ಬರುತ್ತೇವೆ, ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಹೇಳಿಯಾಗಿದೆ.